ಎರಡನೇ ಸಲ ಬಂದ ಪದ

“ಇದು ತಪ್ಪಲ್ಲ ಅಂತ ಎಷ್ಟು ಸಲ ಬಾಯಿ ಬಡಕೊಳ್ಳಲಿ? ಅವರು ಇಂಥ ತಪ್ಪು ಮಾಡೋರೇ ಅಲ್ಲ!”

ಪ್ರೂಫ್ ತಿದ್ದುವ ಮೇಷ್ಟ್ರು ಮೇಜಿನ ಮೇಲೆ ಅಂಗೈ ಅಪ್ಪಳಿಸಿದ ರಭಸಕ್ಕೆ ಟೀ ಲೋಟ ಒಂದು ಸಲ ಹಾರಿ ಕೂತಿತು. ಆ ಠಾಣೆಯಲ್ಲಿ ಆ ಮೇಜನ್ನು ಹಾಗೆ ಬಡಿಯುವ ಹಕ್ಕು ಅಲ್ಲಿಯತನಕ ಇದ್ದದ್ದು ಒಬ್ಬರಿಗೇ. ಅದು ಮೇಜಿನ ಆಚೆ ಕೂತಿದ್ದ ಇನ್ಸ್‌ಪೆಕ್ಟರಮ್ಮನಿಗೆ.

ಅವಳಿಗೆ ಬೆಳಗಿನಿಂದಲೇ ಪಿತ್ತ ನೆತ್ತಿಗೇರಿತ್ತು. ಔಷಧಿ ಗೋದಾಮಿನಲ್ಲಿ ಲೇಬಲ್ ಅಂಟಿಸುತ್ತಿದ್ದ ಹೆಂಗಸು ಕಾಣೆಯಾಗಿ ನಲವತ್ತೊಂದು ದಿನವಾಗಿತ್ತು, ಕೈಯಲ್ಲಿ ಒಂದು ಸುಳಿವೂ ಇರಲಿಲ್ಲ. ಅವಳ ಗಂಡ, ದರ್ಜಿ, ಎಂದಿನಂತೆ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದ. ಅವನು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಗದರಿಯಾದರೂ ಕಳಿಸಬಹುದಿತ್ತು.

ಇಂಥ ಹೊತ್ತಿನಲ್ಲಿ ಈ ಮನುಷ್ಯ, ಅಚ್ಚಾಗುತ್ತಿರುವ ಫ್ರೆಂಚ್ ನಿಘಂಟಿಗೆ ಪದಕ್ಕೊಂದರಂತೆ ಬರೆದು ಕಳಿಸುವ ಚೀಟಿಗಳಲ್ಲಿ ಒಂದನ್ನು ಹಿಡಿದುಕೊಂಡು ಬಂದಿದ್ದರು.

ಅಚ್ಚುಕೂಟದಲ್ಲಿ ಇವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಕೊಂಬು ಮೇಷ್ಟ್ರು’ ಎಂದು. ಯಾವ ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೂ ಮಾರು ದೂರದಿಂದಲೇ ಕಂಡುಹಿಡಿಯುತ್ತಾರೆ ಎಂಬುದು ಒಂದು ಕಾರಣ. ತಮ್ಮ ತಲೆಯ ಮೇಲೂ ಒಂದು ಜೊತೆ ಇದೆಯೆಂದು ನಂಬಿದ್ದಾರೆ ಎಂಬುದು ಇನ್ನೊಂದು.

“ಮೇಷ್ಟ್ರೇ, ನನಗೆ ನಿಘಂಟು ಓದೋಕೆ ಪುರಸೊತ್ತಿಲ್ಲ,” ಎಂದಳು ಇನ್ಸ್‌ಪೆಕ್ಟರಮ್ಮ. “ಒಂದು ಚೀಟಿ ಹೆಚ್ಚಾಗಿ ಬಂದಿದೆ. ವಯಸ್ಸಾದವರು, ಕಾಯಿಲೆ ಬೇರೆ. ಮರೆತು ಮತ್ತೆ ಬರೆದಿರ್ತಾರೆ.”

“ಇಪ್ಪತ್ತೆರಡು ವರ್ಷದಿಂದ ಅವರ ಚೀಟಿ ತಿದ್ದುತಾ ಇದೀನಿ. ತಿದ್ದೋದೇನು ಬಂತು, ಓದಿ ಓದಿ ನಾನೇ ತಿದ್ದಿಕೊಂಡಿದೀನಿ. ಫ್ರೆಂಚ್ ಟೀಚರಮ್ಮ ಒಂದು ಪದಾನ ಎರಡು ಸಲ ಕಳಿಸಿದ್ದು ಇವತ್ತೇ ಮೊದಲು.” ಮೇಷ್ಟ್ರು ಚೀಟಿಯನ್ನು ಅವಳ ಮೂಗಿನ ಹತ್ತಿರ ಹಿಡಿದರು. “ನಾವೀಗ ‘ಆರ್’ ಅಕ್ಷರದಲ್ಲಿದೀವಿ. ಆರ್ ಚೀಟಿಗಳ ಕಟ್ಟಿನ ಮಧ್ಯ ಈ ‘ಸಿ’ ಅಕ್ಷರದ ಪದ ಕೂತಿತ್ತು. ಇದು ಅಚ್ಚಾಗಿ ಒಂಬತ್ತು ವರ್ಷ ಆಯ್ತು!”

“ಏನು ಪದ?” ಕೇಳಬೇಕಲ್ಲ ಎಂದು ಕೇಳಿದಳು.

“ಶೆತಿಫ್. ಅಂದ್ರೆ ಬಡಕಲು, ಸೊರಗಿದ, ನಿತ್ರಾಣದ. ಗಂಡಸಿಗೆ ಶೆತಿಫ್. ಹೆಂಗಸಿಗಾದರೆ ಶೆತೀವ್.”

ಇನ್ಸ್‌ಪೆಕ್ಟರಮ್ಮನ ಕೈ ಲೋಟದ ಮೇಲೇ ನಿಂತಿತು.

“ಇನ್ನೊಂದು ಸಲ ಹೇಳಿ.”

“ಶೆತೀವ್.”

ಆ ಪದವನ್ನು ಅವಳು ಕೇಳಿದ್ದಳು. ಮೂರು ವಾರದ ಹಿಂದೆ.

ಕಾಣೆಯಾದ ಹೆಂಗಸಿನ ವಿಚಾರಣೆಗೆಂದು ಔಷಧಿ ಸಾಹುಕಾರನ ಗೋದಾಮಿಗೆ ಹೋಗಿದ್ದಳು. ಅವನು ನಗುನಗುತ್ತಲೇ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟ. ಕೆಳಗೆ ಗೋದಾಮು, ಮೇಲೆ ಮನೆ. “ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಹಾಸಿಗೆ ಹಿಡಿದಿದ್ದಾರೆ. ನಾನು ಅವರನ್ನ ಬಿಟ್ಟು ಎಲ್ಲಿಗೂ ಹೋಗಲ್ಲ, ಬೇಕಾದ್ರೆ ಬಂದು ನೋಡಿ,” ಎಂದು ಮೇಲಕ್ಕೆ ಕರೆದೊಯ್ದಿದ್ದ. ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಮಣಿಕಟ್ಟು ಪೆನ್ಸಿಲಿನಷ್ಟು ಸಣ್ಣಗಿತ್ತು. ಅವನು ಹಿಂದೆ ನಿಂತು ಅವಳ ಎರಡೂ ಭುಜದ ಮೇಲೆ ಕೈಯಿಟ್ಟಿದ್ದ. ಹೇಗಿದೀರಿ ಅಮ್ಮಾ ಎಂದು ಕೇಳಿದ್ದಕ್ಕೆ ಮುದುಕಿ ಇನ್ಸ್‌ಪೆಕ್ಟರಮ್ಮನ ಕಣ್ಣಲ್ಲಿ ಕಣ್ಣಿಟ್ಟು ಆ ಒಂದೇ ಪದ ಹೇಳಿದ್ದಳು.

ಅವನು ನಕ್ಕಿದ್ದ. “ಪಾಪ, ನಿಶ್ಶಕ್ತಿ ಅಂತಿದಾರೆ. ಫ್ರೆಂಚ್ ಬಿಟ್ಟು ಬೇರೆ ಬಾಯಿಗೇ ಬರಲ್ಲ ಈಗ.”

ಇನ್ಸ್‌ಪೆಕ್ಟರಮ್ಮನೂ ನಕ್ಕಿದ್ದಳು. ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಮೆಟ್ಟಿಲಿಳಿದು ಬಂದಿದ್ದಳು.

“ಮೇಷ್ಟ್ರೇ, ಕೂತ್ಕೊಳ್ಳಿ,” ಎಂದಳು ಈಗ. ದನಿ ಬೇರೆಯಾಗಿತ್ತು. “ಈ ಚೀಟೀಲಿ ಇನ್ನೇನಿದೆ?”

ಮೇಷ್ಟ್ರು ಕೂರಲಿಲ್ಲ. ಚೀಲದಿಂದ ಒಂಬತ್ತು ವರ್ಷದ ಹಿಂದಿನ ಅಚ್ಚಾದ ಹಾಳೆಯನ್ನು ತೆಗೆದು ಚೀಟಿಯ ಪಕ್ಕದಲ್ಲಿ ಹರಡಿದರು.

“ಮೊದಲು ಪದ, ಆಮೇಲೆ ಅರ್ಥ, ಕೊನೇಲಿ ಮೂಲ. ಎಲ್ಲಾ ಪದಕ್ಕೂ ಇದೇ ಕ್ರಮ. ಅರ್ಥ ಎರಡರಲ್ಲೂ ಒಂದೇ. ಅದನ್ನ ಟೀಚರಮ್ಮನ ತಂಗಿ ಮಗ, ಆ ಔಷಧಿ ಸಾಹುಕಾರ, ಓದಿರ್ತಾನೆ, ಖುಷಿಪಟ್ಟಿರ್ತಾನೆ. ಅವನೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿರೋ ಮಾತು ತಾನೇ? ಚೀಟಿ ಕಟ್ಟು ತಂದುಕೊಡೋನೂ ಅವನೇ. ಚೀಟಿ ನಿಂತರೆ ನಾವು ಮನೆಗೆ ಹುಡುಕ್ಕೊಂಡು ಬರ್ತೀವಿ ಅಂತ ಗೊತ್ತು. ಆದರೆ ಮೂಲ ನೋಡಿ. ಇಲ್ಲಿ.”

“ನನಗೆ ಲ್ಯಾಟಿನ್ ಬರುತ್ತಾ ಮೇಷ್ಟ್ರೇ? ಬಿಡಿಸಿ ಹೇಳಿ.”

“ಲ್ಯಾಟಿನ್‌ನಲ್ಲಿ ಇದರ ಮೂಲ ‘ಕಾಪ್ಟೀವುಸ್’. ಅಂದ್ರೆ ಸೆರೆಸಿಕ್ಕಿದವನು. ಹಿಡಿದು ತಂದು ಕೂಡಿಹಾಕಿದವನು. ಅದು ಜನರ ಬಾಯಲ್ಲಿ ಸವೆದೂ ಸವೆದೂ ಫ್ರೆಂಚಿಗೆ ಬಂದಾಗ ಗತಿಗೆಟ್ಟವನು ಅಂತಾಯ್ತು, ಆಮೇಲೆ ಬರೀ ಬಡಕಲು ಅಂತಾಯ್ತು. ಕೂಡಿಹಾಕಿದ್ದು ಮರೆತೇಹೋಯ್ತು. ಸೊರಗಿದ್ದು ಮಾತ್ರ ಉಳೀತು.”

ಇನ್ಸ್‌ಪೆಕ್ಟರಮ್ಮ ಎದ್ದು ನಿಂತಳು. ಸೊರಗಿದ್ದನ್ನು ಅವಳೂ ನೋಡಿದ್ದಳು. ಅಯ್ಯೋ ಪಾಪ ಎಂದೂ ಅಂದುಕೊಂಡಿದ್ದಳು. ಯಾಕೆ ಸೊರಗಿದ್ದೀರಿ ಎಂದು ಕೇಳಿರಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಸಿಟ್ಟು ಯಾವ ಕಳ್ಳನ ಮೇಲೂ ಬಂದಿರಲಿಲ್ಲ, ಈಗ ತನ್ನ ಮೇಲೇ ಬಂದಿತ್ತು.

“ಜೀಪ್ ತೆಗೀರಿ!” ಎಂದು ಹೊರಗೆ ಕೂಗಿದಳು.

“ಇರಿ, ಇರಿ. ಮುಗೀಲಿಲ್ಲ.” ಮೇಷ್ಟ್ರು ಅವಳ ದಾರಿಗೆ ಅಡ್ಡ ನಿಂತರು. “ಹಳೇ ಹಾಳೇಲಿ ಕಾಪ್ಟೀವುಸ್ ಅಂತಿದೆ. ಈ ಚೀಟೀಲಿ ಕೊನೆ ಬೇರೆ. ‘ಕಾಪ್ಟೀವೈ’. ಮೊದಲು ಕೈ ತಪ್ಪಿದೆ ಅಂದ್ಕೊಂಡೆ. ಕೈ ತಪ್ಪಿದ್ದಲ್ಲ. ಕೆಳಗೆ ಗೀಟು ಹಾಕಿದಾರೆ, ನೋಡಿ.”

“ಏನು ವ್ಯತ್ಯಾಸ?”

“ಕಾಪ್ಟೀವುಸ್ ಅಂದ್ರೆ ಒಬ್ಬ ಗಂಡಸು. ಕಾಪ್ಟೀವಾ ಅಂದ್ರೆ ಒಬ್ಬಳು ಹೆಂಗಸು. ಕಾಪ್ಟೀವೈ ಅಂದ್ರೆ...” ಮೇಷ್ಟ್ರು ಗೀಟಿನ ಮೇಲೆ ಬೆರಳಿಟ್ಟರು. “ಸೆರೆಯಲ್ಲಿರೋ ಹೆಂಗಸರು. ಬಹುವಚನ ಮೇಡಂ. ಒಬ್ಬರಲ್ಲ.”

ಬಾಗಿಲಲ್ಲಿ ಜೀಪಿನ ಕೀಲಿ ಹಿಡಿದು ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ತಿರುಗಿ ಮೆಟ್ಟಿಲ ಕಡೆ ನೋಡಿದ. ದರ್ಜಿ ಅಲ್ಲೇ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ.

“ಅವನಿಗೆ ಈಗಲೇ ಏನೂ ಹೇಳಬೇಡಿ,” ಎಂದಳು ಇನ್ಸ್‌ಪೆಕ್ಟರಮ್ಮ.

* * *

ಔಷಧಿ ಸಾಹುಕಾರನ ಮನೆಯ ಮೇಲಿನ ಅಂತಸ್ತಿಗೆ ಹತ್ತುವ ಮೆಟ್ಟಿಲು ಗೋದಾಮಿನ ಒಳಗಿಂದಲೇ ಇತ್ತು. ರಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟುವಂತೆ ಪೇರಿಸಿದ್ದವು. ಗೋಂದಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಮೂಲೆಯ ಉದ್ದ ಮೇಜಿನ ಮುಂದೆ ನಾಲ್ಕು ಹೆಂಗಸರು ಲೇಬಲ್ ಅಂಟಿಸುತ್ತಿದ್ದರು. ಐದನೇ ಸ್ಟೂಲು ಖಾಲಿಯಿತ್ತು. ಯೂನಿಫಾರ್ಮು ಕಂಡದ್ದೇ ನಾಲ್ವರೂ ತಲೆ ತಗ್ಗಿಸಿದರು. ಒಬ್ಬಳು ಮಾತ್ರ ತಗ್ಗಿಸಿದ ತಲೆಯಲ್ಲೇ ಕಣ್ಣೆತ್ತಿ ಮೆಟ್ಟಿಲ ಕಡೆ ನೋಡಿ, ಮತ್ತೆ ಕೆಲಸಕ್ಕೆ ಇಳಿದಳು.

ಸಾಹುಕಾರ ಮೆಟ್ಟಿಲ ಬುಡದಲ್ಲೇ ಎದುರಾದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಲ್ಲಿ ಎರಡು ಪೆನ್ನು. ಇನ್ಸ್‌ಪೆಕ್ಟರಮ್ಮನನ್ನು ಕಂಡು ಮುಖ ಅರಳಿತು, ಹಿಂದೆ ಬಂದ ಮೇಷ್ಟ್ರನ್ನು ಕಂಡು ಮುದುಡಿತು.

“ಬನ್ನಿ ಮೇಡಂ. ಇವರೇಕೆ?”

“ನಿಮ್ಮ ದೊಡ್ಡಮ್ಮನ್ನ ನೋಡಬೇಕು.”

“ಈಗಷ್ಟೇ ಮಲಗಿದಾರೆ. ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದಾರೆ.”

“ಯಾವ ಡಾಕ್ಟರು?”

“ನಮ್ಮ... ಮನೆ ಡಾಕ್ಟರು.”

“ಹೆಸರು ಹೇಳಿ. ಇಲ್ಲೇ ಫೋನ್ ಮಾಡ್ತೀನಿ.”

ಅವನು ತುಟಿ ಸವರಿಕೊಂಡು, “ಶೋಧನೆಗೆ ಆದೇಶ ತಂದಿದೀರಾ?” ಎಂದ.

“ಬೀಗದ ಹಿಂದೆ ಉಸಿರಾಡ್ತಿರೋ ಜೀವ ಇದ್ದರೆ ನನಗೆ ಆದೇಶ ಬೇಕಿಲ್ಲ. ದಾರಿ ಬಿಡಿ.”

“ಯಾವ ಬೀಗ? ಬಾಯಿಗೆ ಬಂದಂತೆ ಮಾತಾಡಬೇಡಿ! ತಾಯಿ ಹೋದ ಮೇಲೆ ನನ್ನನ್ನ ಸಾಕಿದೋರು ಅವರು. ಅವರ ಮಲಮೂತ್ರ ಬಾಚಿದೋನು ನಾನು.”

“ಥೂ!” ಎಂದರು ಮೇಷ್ಟ್ರು. ಜೀವಮಾನದಲ್ಲಿ ಅವರು ಯಾರಿಗೂ ಥೂ ಎಂದವರಲ್ಲ. ಅಂದ ಮೇಲೆ ನಿಲ್ಲಿಸಲೂ ಇಲ್ಲ. “ಸಾಕಿದ ಕೈಗೇ ಬೀಗ ಹಾಕಿದೀಯಲ್ಲೋ! ವಾರಾ ವಾರಾ ನನ್ನ ಎದುರು ಬಂದು ನಿಂತು, ದೊಡ್ಡಮ್ಮನಿಗೆ ಇವತ್ತು ಸ್ವಲ್ಪ ಪರವಾಗಿಲ್ಲ ಮೇಷ್ಟ್ರೇ ಅಂತಿದ್ದೆ. ನಾನೂ ತಲೆ ಆಡಿಸಿ ಕಟ್ಟು ಈಸಿಕೊಂಡು ಕಳಿಸ್ತಿದ್ದೆ. ನನ್ನ ತಲೆಗೆ ಏನಾಗಿತ್ತು?”

ಸಾಹುಕಾರ ಕೈ ಅಡ್ಡ ಚಾಚಿದ. ಹೆಡ್ ಕಾನ್ಸ್‌ಟೇಬಲ್ ಆ ಕೈಯನ್ನು ಮೆಲ್ಲಗೆ, ಬಾಗಿಲ ಪರದೆ ಸರಿಸುವಂತೆ, ಪಕ್ಕಕ್ಕೆ ಸರಿಸಿದ.

ಮೇಲೆ ಒಂದು ಪಡಸಾಲೆ, ಅದರಾಚೆ ಅಕ್ಕಪಕ್ಕ ಎರಡು ಕೋಣೆ. ಎರಡಕ್ಕೂ ಚಿಲಕ ಹೊರಗಡೆ. ಎಡಗಡೆಯದಕ್ಕೆ ಮಾತ್ರ ಬೀಗ.

“ಕೀಲಿ.”

“ಅವರಿಗೆ ನೆನಪಿಲ್ಲ, ಎದ್ದು ಓಡಾಡಿ ಮೆಟ್ಟಿಲಿಂದ ಬಿದ್ದರೆ ಅಂತ...”

“ಕೀಲಿ!”

ಆ ಕೂಗಿಗೆ ಕೆಳಗೆ ಗೋದಾಮಿನಲ್ಲಿ ಲೇಬಲ್ ಹರಿಯುವ ಸದ್ದು ನಿಂತಿತು.

ಕೊರಳಿನ ದಾರದಲ್ಲಿದ್ದ ಕೀಲಿಯನ್ನು ಅವನು ತೆಗೆದುಕೊಟ್ಟ. ಬಾಗಿಲು ತೆರೆಯಿತು.

ಕಿಟಕಿಯ ಹತ್ತಿರ, ಮಡಿಲಲ್ಲಿ ಹಲಗೆ ಇಟ್ಟುಕೊಂಡು, ಫ್ರೆಂಚ್ ಟೀಚರಮ್ಮ ಚೀಟಿ ಬರೆಯುತ್ತಿದ್ದಳು. ಸುತ್ತ ಡಬ್ಬಿಗಳು, ಡಬ್ಬಿ ತುಂಬ ಪದಗಳು. ತಲೆಯೆತ್ತಿ ಮೊದಲು ಮೇಷ್ಟ್ರನ್ನು ನೋಡಿದಳು.

“ಓದಿದ್ರಾ?”

“ಓದಿದೆ ಅಮ್ಮಾ.” ಮೇಷ್ಟ್ರಿಗೆ ಅಷ್ಟು ಹೇಳುವಷ್ಟರಲ್ಲಿ ಕನ್ನಡಕ ಮಂಜಾಯಿತು.

ಆಮೇಲೆ ಅವಳ ನೋಟ ಇನ್ಸ್‌ಪೆಕ್ಟರಮ್ಮನ ಮೇಲೆ ಬಿತ್ತು. ಮೂವತ್ತೈದು ವರ್ಷ ಪಾಠ ಹೇಳಿದ ದನಿ ಮೈಯಷ್ಟು ಸೊರಗಿರಲಿಲ್ಲ.

“ಮೂರು ವಾರ. ನಿಮ್ಮ ಮುಖಕ್ಕೆ ಎದುರಾಗಿ ಹೇಳಿದೆ.”

“ನನಗೆ ಫ್ರೆಂಚ್ ಬರಲ್ಲ ಅಮ್ಮಾ.”

“ಫ್ರೆಂಚ್ ಯಾರಿಗೆ ಬೇಕು? ಕಣ್ಣು ಕಾಣುತ್ತಲ್ವಾ? ಚಿಲಕ ಬಾಗಿಲಿನ ಯಾವ ಕಡೆ ಇತ್ತು?”

ಇನ್ಸ್‌ಪೆಕ್ಟರಮ್ಮ ತಿರುಗಿ ಬಾಗಿಲಿನ ಚಿಲಕ ನೋಡಿದಳು. ಎಷ್ಟೋ ಜನರ ಬಾಯಿ ಮುಚ್ಚಿಸಿದವಳು, ಪಾಠ ಒಪ್ಪಿಸದ ಹುಡುಗಿಯಂತೆ ನಿಂತಳು.

“ನಾನು ನಿಮ್ಮ ಭಾಷೇಲೇ ಹೇಳಬಹುದಿತ್ತು,” ಎಂದಳು ಟೀಚರಮ್ಮ. “ಭುಜದ ಮೇಲೆ ಕೈ ಇಟ್ಟಿದ್ದನಲ್ಲ, ನೀವು ಬರೋಕೆ ಮುಂಚೆ ಕಿವೀಲಿ ಏನಂದ ಗೊತ್ತಾ? ನೀನು ಬಾಯಿ ಬಿಟ್ಟರೆ ಪಕ್ಕದ ಕೋಣೆಯವಳಿಗೆ ರಾತ್ರಿ ಕೊಡೋ ನಿದ್ದೆ ಮಾತ್ರೆ ಎರಡಲ್ಲ, ಇಪ್ಪತ್ತು ಅಂತ. ನಾನು ಎತ್ತಿ ಆಡಿಸಿದ ಕೂಸು ಇವನು!”

“ದೊಡ್ಡಮ್ಮಾ, ಸುಮ್ಮನಿರಿ!”

“ನೀನು ಸುಮ್ಮನಿರೋ!” ಕೈಯಲ್ಲಿದ್ದ ಹಲಗೆ ಹಾರಿ ಅವನ ಮೊಣಕಾಲಿಗೆ ಬಡಿಯಿತು. ಚೀಟಿಗಳು ನೆಲದ ತುಂಬ ಚೆಲ್ಲಿದವು. “ಅವಧಿ ಮುಗಿದ ಔಷಧಿಗೆ ಹೊಸ ತಾರೀಖಿನ ಲೇಬಲ್ ಅಂಟಿಸ್ತಾನೆ ಮೇಡಂ. ಮಕ್ಕಳ ಔಷಧಿಗೂ! ಆ ಹೆಂಗಸು ಅಂಟಿಸಲ್ಲ ಅಂದಳು. ಮೇಲೆ ಬಂದು ನನ್ನ ಹತ್ತಿರ ಅತ್ತಳು. ದೂರಿನ ಕಾಗದ ನಾನೇ ಬರೆದುಕೊಟ್ಟೆ. ಅವಳು ಮೆಟ್ಟಿಲು ಇಳಿಯೋದರೊಳಗೆ ಅದು ಇವನ ಕೈಲಿತ್ತು. ಅವತ್ತೇ ಅವಳನ್ನ ಆ ಕೋಣೇಲಿ, ನನ್ನನ್ನ ಈ ಕೋಣೇಲಿ ಕೂಡಿಹಾಕಿದ.”

ಹೆಡ್ ಕಾನ್ಸ್‌ಟೇಬಲ್ ಆಗಲೇ ಪಕ್ಕದ ಕೋಣೆಯ ಚಿಲಕ ತೆಗೆದಿದ್ದ.

“ಮೇಡಂ,” ಎಂದ ಅಲ್ಲಿಂದಲೇ. “ಯಾರೂ ಇಲ್ಲ.”

ಚಾಪೆಯಿತ್ತು, ಮಡಿಸಿದ ಹೊದಿಕೆಯಿತ್ತು. ನೀರಿನ ಚೊಂಬಿನಲ್ಲಿ ಅರ್ಧ ನೀರಿತ್ತು. ಗೋಡೆಯ ಮೇಲೆ, ಉಗುರಿನಿಂದ ಗೀಚಿ, ಸಾಲಾಗಿ ನಲವತ್ತು ಗೀಟುಗಳಿದ್ದವು. ಹೆಂಗಸು ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ತಿರುಗಿದ ರಭಸಕ್ಕೆ ಸಾಹುಕಾರ ಗೋಡೆಗೆ ಒತ್ತಿಕೊಂಡ. ಅವನ ಅಂಗಿಯ ಕುತ್ತಿಗೆಪಟ್ಟಿ ಅವಳ ಮುಷ್ಟಿಯಲ್ಲಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಅವಳಿಗೂ ಗೊತ್ತಾಗಲಿಲ್ಲ.

“ಎಲ್ಲೋ ಅವಳು?”

“ಬಿಡಿ!”

“ಜೀವಂತ ಇದಾಳಾ ಇಲ್ವಾ? ಅಷ್ಟು ಹೇಳು. ಅವಳ ಗಂಡ ನಲವತ್ತೊಂದು ದಿನದಿಂದ ನನ್ನ ಮೆಟ್ಟಿಲ ಮೇಲೆ ಕೂತಿದಾನೆ!”

“ನನ್ನನ್ನ ಕೇಳ್ತೀರಾ?” ಅವನು ಅವಳ ಕೈಯನ್ನು ಕಿತ್ತೆಸೆದ. ಅಲ್ಲಿಯತನಕ ಅವನ ಮುಖದಲ್ಲಿದ್ದದ್ದು ಹೆದರಿಕೆ. ಈಗ ಅದೂ ಹೋಗಿ ಸಿಟ್ಟು ಬಂದಿತ್ತು, ಮೋಸಹೋದವನ ಸಿಟ್ಟು. “ಮೂರನೆಯವರ ಮುಂದೆ ಮಾತಾಡಬಾರದು ಅಂತ ಇಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ದೆ. ಬೆಳಿಗ್ಗೆ ಅವಳನ್ನ ನೀವೇ ಕರೆಸ್ಕೊಂಡು, ಮಧ್ಯಾಹ್ನ ನೀವೇ ಬಂದು ಕೊರಳಪಟ್ಟಿ ಹಿಡೀತೀರಾ? ಇದೆಂಥ ನಾಟಕ?”

“ಏನು ಬೊಗಳ್ತಿದೀಯ?”

“ಅವನು ಸುಳ್ಳು ಹೇಳ್ತಿಲ್ಲ,” ಎಂದಳು ಟೀಚರಮ್ಮ ಮೆಲ್ಲಗೆ. “ಎಂಟು ಗಂಟೆ ಹೊತ್ತಿಗೆ ಯಾರೋ ಬಂದ್ರು. ಬೂಟಿನ ಸದ್ದು ಕೇಳಿಸ್ತು. ಒಬ್ಬನೇ. ಇನ್ಸ್‌ಪೆಕ್ಟರಮ್ಮ ಕಳಿಸಿದಾರೆ ಅಂದ. ಅವಳು ಖುಷಿಯಿಂದ ಗೋಡೆ ತಟ್ಟಿ, ಹೋಗಿಬರ್ತೀನಿ ಅಮ್ಮಾ, ನಿಮಗೂ ಕಳಿಸ್ತೀನಿ ಅಂತ ಕೂಗಿ ಹೋದಳು. ನೀವೀಗ ಬಂದಿರೋದು ಅವಳು ಹೇಳಿದ್ದಕ್ಕೇ ಅಂದ್ಕೊಂಡಿದ್ದೆ.”

“ನಾನು ಯಾರನ್ನೂ ಕಳಿಸಿಲ್ಲ!”

“ಹಾಗಾದ್ರೆ ಇದೇನು?”

ಸಾಹುಕಾರ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವನ್ನು ತೆಗೆದು ಅವಳ ಎದೆಯ ಮಟ್ಟಕ್ಕೆ ಚಾಚಿದ. ಹೆಡ್ ಕಾನ್ಸ್‌ಟೇಬಲ್ ನಡುವೆ ಬಂದು ಅದನ್ನು ಈಸಿಕೊಂಡು ಬಿಡಿಸಿದ. ಠಾಣೆಯ ಹಾಳೆ, ಠಾಣೆಯ ಮೊಹರು, ಇವತ್ತಿನ ತಾರೀಖು. ಟೈಪು ಮಾಡಿದ್ದು ಎರಡೇ ಸಾಲು. ಅವನು ಗಟ್ಟಿಯಾಗಿ ಓದಿದ.

“‘ತಮ್ಮಲ್ಲಿರುವ ಹೆಂಗಸನ್ನು ಈ ಪತ್ರ ತಂದವರ ವಶಕ್ಕೆ ಕೊಡತಕ್ಕದ್ದು. ಕೊಟ್ಟಲ್ಲಿ ತಮ್ಮ ಮೇಲೆ ಮುಂದಿನ ಕ್ರಮ ಇರುವುದಿಲ್ಲ.’”

ಕೆಳಗೆ ಸಹಿ.

ಇನ್ಸ್‌ಪೆಕ್ಟರಮ್ಮ ಕಾಗದವನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಖೋಟಾ ಎಂದು ಕೂಗಲು ಬಾಯಿ ತೆರೆದಳು. ಮೊದಲ ಅಕ್ಷರದ ಸುರುಳಿ, ನಡುವಿನ ಚುಕ್ಕೆ, ಸಿಟ್ಟಿನಲ್ಲಿ ಎಳೆದಂತೆ ಪೆನ್ನಿನ ಮೊನೆ ಕಾಗದವನ್ನೇ ಹರಿದ ಕೊನೆಯ ಗೀಟು. ನಕಲು ಮಾಡುವವನು ಸುರುಳಿ ಕಲಿಯಬಹುದು, ಆ ಹರಕನ್ನು ಕಲಿಯಲಾರ.

ಕೂಗದೆ ಕಾಗದವನ್ನು ಕೆಳಗಿಳಿಸಿದಳು.

ಸಹಿ ಅವಳದ್ದೇ ಆಗಿತ್ತು. ಹಾಕಿದ ನೆನಪು ಮಾತ್ರ ಇರಲಿಲ್ಲ.

“ಹನ್ನೊಂದು ವರ್ಷದಿಂದ ನೋಡ್ತಿದೀನಿ ಮೇಡಂ,” ಎಂದ ಹೆಡ್ ಕಾನ್ಸ್‌ಟೇಬಲ್. ಅವನ ದನಿ ಯಾವತ್ತಿನಷ್ಟೇ ಮೆದುವಾಗಿತ್ತು, ಕಣ್ಣು ಮಾತ್ರ ಅವಳನ್ನು ಬಿಟ್ಟು ನೆಲದ ಮೇಲಿನ ಚೀಟಿಗಳನ್ನು ನೋಡುತ್ತಿತ್ತು. “ಇದು ಬೇರೆಯವರ ಕೈ ಅಲ್ಲ.”

“ನಾನು ಬರೆದಿಲ್ಲ. ನಿಮಗೆ ನನ್ನ ಮೇಲೆ...”

“ನಾನು ನಂಬ್ತೀನೋ ಬಿಡ್ತೀನೋ ಆಮೇಲಿನ ಮಾತು.” ಅವನು ಎರಡು ಹೆಜ್ಜೆ ಹಿಂದೆ ಸರಿದು ಮೆಟ್ಟಿಲಿನ ಬಾಯಿಗೆ ಅಡ್ಡವಾಗಿ ನಿಂತು, ಸೊಂಟದ ವೈರ್‌ಲೆಸ್ಸಿಗೆ ಕೈ ಹಾಕಿದ. “ದೊಡ್ಡ ಸಾಹೇಬರು ಬರೋತನಕ ಆ ಕಾಗದ ನನ್ನ ಕೈಗೆ ಕೊಡಿ. ನೀವು ಕೆಳಗೆ ಇಳೀಬೇಡಿ ಮೇಡಂ.”